ಹಿಮದಡಿಯ ದಾರಿ

ಮ್ಯೂನಿಕ್ ನಗರದಿಂದ ನೈರುತ್ಯಾಭಿಮುಖವಾಗಿ ಹೊರಟ ರೈಲು ಎರಡು ಗಂಟೆಗಳ ಪಯಣದ ತರುವಾಯ ಫ್ಯೂಸೆನ್ ಎಂಬ ಪುಟ್ಟ ಪಟ್ಟಣದಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಹಳಿಯಿಲ್ಲ, ಬೆಟ್ಟವಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ಈ ಊರಿನ ಬೆನ್ನಿಗೆ ಬವೇರಿಯದ ಬಯಲು ಮುಗಿದು, ಎದುರಿಗೆ ಆಲ್ಪ್ಸ್ ಪರ್ವತಶ್ರೇಣಿಯು ಯಾವ ಪೀಠಿಕೆಯೂ ಇಲ್ಲದೆ ಗೋಡೆಯಂತೆ ಒಮ್ಮೆಗೇ ಮೇಲೇಳುವುದರಿಂದ, ಮಾಘಮಾಸದ ಒಂದು ಬೆಳಗ್ಗೆ ನಿಲ್ದಾಣದಿಂದ ಹೊರಬಿದ್ದು ಆ ಶ್ವೇತರಾಶಿಯನ್ನು ಕಂಡವನಿಗೆ ಲೋಕವು ಇಲ್ಲಿಗೆ ಮುಗಿಯಿತೆಂಬ ಭಾವನೆ ಬಂದರೆ ಆಶ್ಚರ್ಯವಿಲ್ಲ. ನನಗೂ ಹಾಗೆಯೇ ಅನಿಸಿತು. ಆದರೆ ಈ ಸೀಮೆಯ ಪೂರ್ವೋತ್ತರಗಳನ್ನು ವಿಚಾರಿಸುತ್ತ ಹೋದಂತೆ ತಿಳಿದುಬಂದದ್ದು ಅದಕ್ಕೆ ತೀರ ವಿರುದ್ಧವಾದುದು. ಫ್ಯೂಸೆನ್ನಿಗೆ ಹಳಿ ಬಂದದ್ದು 1889ರಲ್ಲಿ. ದಾರಿ ಬಂದದ್ದು ಅದಕ್ಕೆ ಸಾವಿರದ ಎಂಟುನೂರು ವರ್ಷಗಳಿಗೂ ಹಿಂದೆ. ಇಲ್ಲಿನ ದುರ್ಗಗಳು, ಅರಮನೆಗಳು, ಮಠ, ವಾದ್ಯಗಾರರ ಓಣಿ, ಕೊನೆಗೆ ಆ ಜಗತ್ಪ್ರಸಿದ್ಧವಾದ ಸ್ವಪ್ನಸೌಧ, ಇವೆಲ್ಲವೂ ಆ ಒಂದು ದಾರಿಯ ಸಂತಾನ. ಯಾತ್ರಿಕರು ಗೋಪುರಗಳನ್ನು ನೋಡಲು ತಲೆಯೆತ್ತಿಕೊಂಡು ಬರುತ್ತಾರೆ. ತಲೆ ತಗ್ಗಿಸಿ ಕಾಲಕೆಳಗಿನದನ್ನು ನೋಡಿದವರಿಗೆ ಈ ನೆಲದ ಕಥೆ ಬೇರೊಂದು ಕ್ರಮದಲ್ಲಿ ತೆರೆದುಕೊಳ್ಳುತ್ತದೆ.

ಕ್ರಿಸ್ತಪೂರ್ವ 15ರಲ್ಲಿ ರೋಮನ್ ಸೇನಾನಿ ದ್ರೂಸಸ್ ತನ್ನ ದಂಡಿನೊಡನೆ ಆಲ್ಪ್ಸ್ ಪರ್ವತಗಳನ್ನು ದಾಟಿ ಉತ್ತರಕ್ಕಿಳಿದನು. ಅವನ ಸೈನ್ಯ ತುಳಿದ ಜಾಡನ್ನು ಅವನ ಮಗನಾದ ಕ್ಲಾಡಿಯಸ್ ಚಕ್ರವರ್ತಿ ರಾಜಮಾರ್ಗವನ್ನಾಗಿ ಕಟ್ಟಿಸಿ, ಕ್ರಿಸ್ತಶಕ 46-47ರ ಸುಮಾರಿಗೆ ಪೂರ್ಣಗೊಳಿಸಿದನೆಂಬುದಕ್ಕೆ ಇಟಲಿಯಲ್ಲಿ ದೊರೆತ ಮೈಲಿಗಲ್ಲುಗಳೇ ಸಾಕ್ಷಿ; ಪೋ ನದಿಯಿಂದ ಡ್ಯಾನ್ಯೂಬ್ ನದಿಯವರೆಗೆ 350 ರೋಮನ್ ಮೈಲುಗಳೆಂದು ಅದರ ಉದ್ದವನ್ನೂ ಆ ಶಾಸನ ಹೇಳುತ್ತದೆ. ವಿಯಾ ಕ್ಲಾಡಿಯ ಆಗಸ್ಟ ಎಂಬುದು ಅದರ ಹೆಸರು. ದಕ್ಷಿಣದ ಕಣಿವೆಗಳನ್ನೆಲ್ಲ ಹಾಯ್ದು ಬಂದ ಆ ಮಾರ್ಗ ಬಯಲಿಗಿಳಿಯುವ ಬಾಗಿಲು ಈ ಫ್ಯೂಸೆನ್. ಲೆಖ್ ನದಿ ಬಂಡೆಗಳನ್ನು ಕೊರೆದುಕೊಂಡು ಬೆಟ್ಟದಿಂದ ಹೊರಕ್ಕೆ ಧುಮುಕುವುದೂ ಇಲ್ಲಿಯೇ. ನೀರಿಗೂ ದಾರಿಗೂ ಒಂದೇ ಬಾಗಿಲಾದ ಮೇಲೆ ಅಲ್ಲಿ ಕಾವಲುಗಾರನೂ ಸುಂಕದವನೂ ಸಾಧುವೂ ವರ್ತಕನೂ ಬಂದು ನೆಲೆಸುವುದು ಸಹಜವೇ ಆಗಿತ್ತು. ಎಂಟನೆಯ ಶತಮಾನದಲ್ಲಿ ಮಾಗ್ನಸ್ ಎಂಬ ಸಂತನು ಇಲ್ಲಿ ಬಂದು ತಪಸ್ಸಿಗೆ ಕುಳಿತನೆನ್ನುತ್ತಾರೆ. ಅವನ ಹೆಸರಿನ ಮಠದ ಕಟ್ಟಡ ಇಂದಿಗೂ ನದಿಯ ದಡದಲ್ಲಿದೆ. ಮಠದ ಮೇಲ್ಗಡೆಯ ಗುಡ್ಡದ ಮೇಲೆ ಆಗ್ಸ್‌ಬರ್ಗಿನ ಬಿಷಪ್ಪರ ಕೋಟೆ. ಇವೆರಡರ ನಡುವೆ ಊರು.

ಊರಿನಿಂದ ಒಂದು ಗಾವುದಕ್ಕೂ ಕಡಿಮೆ ದೂರದಲ್ಲಿ, ಬೆಟ್ಟದ ಬುಡಕ್ಕೆ ತಾಗಿ, ಶ್ವಾನ್‌ಗೌ ಎಂಬ ಸೀಮೆ. 'ಶ್ವಾನ್' ಎಂದರೆ ಜರ್ಮನ್ ಭಾಷೆಯಲ್ಲಿ ಹಂಸ. 'ಗೌ' ಎಂದರೆ ನಾಡು. ಈ ಹಂಸನಾಡಿನ ಒಡೆಯರು ಮಧ್ಯಯುಗದಲ್ಲಿ ಸುತ್ತಣ ಬಂಡೆಗಳ ಮೇಲೆ ನಾಲ್ಕು ಕಿರುದುರ್ಗಗಳನ್ನು ಕಟ್ಟಿಕೊಂಡಿದ್ದರು. ಅವರಲ್ಲೊಬ್ಬನಾದ ಹಿಲ್ಟ್‌ಬೋಲ್ಟ್ ಹದಿಮೂರನೆಯ ಶತಮಾನದ ಆದಿಯಲ್ಲಿ ಪ್ರೇಮಗೀತೆಗಳನ್ನು ರಚಿಸಿದ ಕವಿ. ಮಾನೆಸ್ಸೆ ಹಸ್ತಪ್ರತಿಯೆಂದು ಪ್ರಸಿದ್ಧವಾದ ಸಚಿತ್ರ ಸಂಕಲನದಲ್ಲಿ ಹಂಸಲಾಂಛನದೊಡನೆ ಅವನ ಚಿತ್ರವೂ ಇದೆ. ಆದರೆ ಈ ದುರ್ಗಗಳ ಹಳೆಯ ನೆನಪುಗಳಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಆ ಕವಿಯದಲ್ಲ, ಒಬ್ಬ ಹುಡುಗನದು. ಹೋಹೆನ್‌ಸ್ಟೌಫನ್ ರಾಜವಂಶದ ಕಟ್ಟಕಡೆಯ ಕುಡಿಯಾದ ಕೊನ್ರಾಡಿನ್, ಪಿತ್ರಾರ್ಜಿತವಾದ ಸಿಸಿಲಿಯ ರಾಜ್ಯವನ್ನು ಮರಳಿ ಪಡೆಯುವೆನೆಂದು 1267ರಲ್ಲಿ ದಂಡೆತ್ತಿ ಹೊರಟಾಗ, ತಾಯಿ ಎಲಿಜಬೆತಳಿಂದ ಬೀಳ್ಕೊಂಡದ್ದು ಇಲ್ಲಿನ ಹೋಹೆನ್‌ಶ್ವಾನ್‌ಗೌ ದುರ್ಗದಲ್ಲಿ ಎಂದು ಹೇಳುತ್ತಾರೆ. ಮರುವರ್ಷ ಅಕ್ಟೋಬರ್ 29ರಂದು ನೇಪಲ್ಸಿನ ಸಂತೆಮಾಳದಲ್ಲಿ ಅವನ ಶಿರಶ್ಛೇದವಾಯಿತು, ವಯಸ್ಸು ಹದಿನಾರು. ಇಟಲಿಯ ಕಡೆಗೆ ಹೋಗುವ ದಾರಿ ಬಾಗಿಲಲ್ಲಿಯೇ ಇದ್ದುದು ಆ ತಾಯಿಯ ಪಾಲಿಗೆ ಒಳ್ಳೆಯದಾಗಲಿಲ್ಲ.

ದೊರೆಗಳು ಈ ದಾರಿಯಲ್ಲಿ ಎಂದೋ ಒಮ್ಮೆ ಹೋದರು; ಅದನ್ನು ದಿನದಿನವೂ ಸವೆಸಿದವರು ಗಾಡಿಯವರು. ಟಿರೋಲಿನ ಹಾಲ್ ಪಟ್ಟಣದಿಂದ ಬರುತ್ತಿದ್ದ ಉಪ್ಪು, ವೆನಿಸಿನಿಂದ ಬರುತ್ತಿದ್ದ ಸಂಬಾರಪದಾರ್ಥ ಮತ್ತು ಬಟ್ಟೆ, ಆಗ್ಸ್‌ಬರ್ಗಿನಿಂದ ದಕ್ಷಿಣಕ್ಕೆ ಹೋಗುತ್ತಿದ್ದ ಸರಕು, ಎಲ್ಲವೂ ಇಲ್ಲಿಯೇ ಹಾಯಬೇಕು. ಅದಕ್ಕಾಗಿ 'ರೋಟ್' ಎಂಬ ಒಂದು ಪದ್ಧತಿ ಬೆಳೆದಿತ್ತು: ಸರಕನ್ನು ಒಬ್ಬನೇ ಆದ್ಯಂತವಾಗಿ ಸಾಗಿಸಲಾಗದು, ಒಂದು ಠಾಣ್ಯದ ಗಾಡಿಯವರು ಮುಂದಿನ ಠಾಣ್ಯದವರೆಗೆ ಒಯ್ದು ಅಲ್ಲಿನ ಉಗ್ರಾಣದಲ್ಲಿಳಿಸಬೇಕು, ಅಲ್ಲಿಂದಾಚೆಗೆ ಅಲ್ಲಿಯವರ ಹಕ್ಕು. ಹೀಗೆ ದಾರಿಯ ಅನ್ನವನ್ನು ದಾರಿಯುದ್ದಕ್ಕೂ ಇರುವ ಊರುಗಳೆಲ್ಲ ಹಂಚಿಕೊಂಡು ಉಣ್ಣುತ್ತಿದ್ದವು. ಬರಿಯ ವ್ಯಾಪಾರದ ಲೆಕ್ಕದಲ್ಲಿ ಇದು ನಿಧಾನವಾದ ಏರ್ಪಾಡೆಂದು ತೋರಬಹುದು. ನನಗಾದರೋ ಅದರಲ್ಲಿ ಒಂದು ನ್ಯಾಯ ಕಾಣುತ್ತದೆ.

ಇಲ್ಲಿ ಹಿಮದ ವಿಷಯವಾಗಿ ನಮ್ಮಲ್ಲಿರುವ ಒಂದು ತಪ್ಪುಗ್ರಹಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಮುಂಜಾನೆಯ ಇಬ್ಬನಿಗೂ, ಕೊಡಗಿನ ಕಣಿವೆಗಳಲ್ಲಿ ಮುಸುಕುವ ಕಾವಳಕ್ಕೂ, ಆಕಾಶದಿಂದ ಹಿಂಜಿದ ಅರಳೆಯಂತೆ ಉದುರುವ ವಸ್ತುವಿಗೂ 'ಮಂಜು' ಎಂಬ ಒಂದೇ ಮಾತನ್ನಾಡಿ ತೃಪ್ತರಾಗಿರುವ ನಮಗೆ, ಹಿಮವೆಂದರೆ ದಾರಿ ಮುಚ್ಚುವ ಆಪತ್ತು ಎಂದೇ ಭಾವನೆ. ಬೆಟ್ಟದ ರೈತನಿಗೆ ಅದು ಹಾಗಲ್ಲ. ಬೇಸಗೆಯಲ್ಲಿ ಚಕ್ರ ಹೂತುಹೋಗುವ ಕೆಸರಿನ ಜಾಡು, ಬಂಡೆಗಲ್ಲುಗಳ ಇಳಿಜಾರು, ಚಳಿಗಾಲದಲ್ಲಿ ಹಿಮ ಬಿದ್ದು ಗಟ್ಟಿಯಾದೊಡನೆ ನುಣ್ಣನೆಯ ಹಾಸಾಗುತ್ತದೆ; ಗಾಡಿ ಹೊರಲಾರದ ಭಾರವನ್ನು ಆಗ ಜಾರುಬಂಡಿ ಎಳೆಯುತ್ತದೆ. ಬೇಸಗೆಯಲ್ಲಿ ಮೇಲಿನ ಹುಲ್ಲುಗಾವಲುಗಳಲ್ಲಿ ಕೊಯ್ದು ಅಲ್ಲಿಯೇ ಕೊಟ್ಟಿಗೆಗಳಲ್ಲಿ ತುಂಬಿಟ್ಟ ಹುಲ್ಲು, ಶರತ್ಕಾಲದಲ್ಲಿ ಕಡಿದು ಕೆಡವಿದ ಮರದ ದಿಮ್ಮಿಗಳು, ಇವೆಲ್ಲ ಕೆಳಗಿನ ಹಳ್ಳಿಗೆ ಇಳಿದುಬರುತ್ತಿದ್ದುದು ಹಿಮ ಬಿದ್ದ ಮೇಲೆಯೇ. ಮುಂಭಾಗದಲ್ಲಿ ಕೊಂಬುಗಳಂತೆ ಮೇಲಕ್ಕೆ ಬಾಗಿದ ಎರಡು ಮರದ ತೋಳುಗಳಿರುವ, ಅದರಿಂದಲೇ ಕೊಂಬಿನ ಜಾರುಬಂಡಿಯೆಂದು ಹೆಸರಾದ ಬಂಡಿಯ ಮುಂದೆ ನಿಂತು, ಬೆನ್ನ ಹಿಂದಿನ ಭಾರವನ್ನು ತನ್ನ ಹಿಮ್ಮಡಿಗಳಿಂದಲೇ ತಡೆಯುತ್ತ ಕಡಿದಾದ ಇಳಿಜಾರಿನಲ್ಲಿ ಇಳಿಯುತ್ತಿದ್ದ ರೈತನು ಒಂದು ಕ್ಷಣ ಹದ ತಪ್ಪಿದರೆ ಸರಕಿನ ಅಡಿಗೆ ಸಿಕ್ಕಿ ಸಾಯುವುದೇ. ಈಗ ಯಾತ್ರಿಕರು ವಿನೋದಕ್ಕಾಗಿ ನಡೆಯುವ ಹಿಮದ ಜಾಡುಗಳಲ್ಲಿ ಎಷ್ಟೋ ಜಾಡುಗಳನ್ನು ಮೊದಲು ಬಿಡಿಸಿದವರು ಆ ಹುಲ್ಲಿನವರು ಮತ್ತು ದಿಮ್ಮಿಯವರು. ಅವರ ಹೆಸರುಗಳು ಯಾವ ಗೋಡೆಯ ಮೇಲೂ ಇಲ್ಲ.

ಆ ದಿಮ್ಮಿಗಳಲ್ಲಿ ಕೆಲವು ಸಂಗೀತವಾದವು ಎಂಬುದು ಈ ಊರಿನ ಇನ್ನೊಂದು ಭಾಗ್ಯ. ಎತ್ತರದಲ್ಲಿ ನಿಧಾನವಾಗಿ ಬೆಳೆದ ಸ್ಪ್ರೂಸ್ ಮರದ ಹಲಗೆಗೆ ನಾದಗುಣ ಹೆಚ್ಚು. ಯ್ಯೂ ಮರದ ಸೀಳುಗಳು ಬಾಗಿಸಿದಂತೆ ಬಾಗುತ್ತವೆ. ಇವೆರಡೂ ಸುತ್ತಣ ಕಾಡುಗಳಲ್ಲಿ ದೊರೆಯುತ್ತಿದ್ದುದರಿಂದ ಫ್ಯೂಸೆನ್ನಿನ ಬಡಗಿಗಳು ಲ್ಯೂಟ್ ಎಂಬ ತಂತೀವಾದ್ಯವನ್ನು ಮಾಡುವುದರಲ್ಲಿ ನಿಷ್ಣಾತರಾಗಿ, 1562ರಲ್ಲಿ ತಮ್ಮದೇ ಒಂದು ಶ್ರೇಣಿಯನ್ನು ಸ್ಥಾಪಿಸಿಕೊಂಡರು; ಯೂರೋಪಿನಲ್ಲಿ ಲ್ಯೂಟ್ ತಯಾರಕರ ಮೊದಲ ಶ್ರೇಣಿ ಅದೇ. ಊರು ಚಿಕ್ಕದು, ಕಸುಬುದಾರರು ಹೆಚ್ಚು. ಆದುದರಿಂದ ಮಕ್ಕಳು ಉಳಿ ಬೈರಿಗೆಗಳನ್ನು ಚೀಲದಲ್ಲಿ ಕಟ್ಟಿಕೊಂಡು ಅದೇ ಹಳೆಯ ದಾರಿಯಲ್ಲಿ ದಕ್ಷಿಣಕ್ಕೆ ನಡೆದರು. ವೆನಿಸ್, ಪಡುವಾ ನಗರಗಳ ಪ್ರಸಿದ್ಧ ವಾದ್ಯಶಿಲ್ಪಿಗಳಲ್ಲಿ ಅನೇಕರು ಈ ಸೀಮೆಯ ಮನೆತನಗಳವರು. ಟೀಫನ್‌ಬ್ರುಕರ್ ಮನೆತನವೊಂದನ್ನು ಹೆಸರಿಸಿದರೆ ಸಾಕು. ದಾರಿ ಊರಿಗೆ ಉಪ್ಪನ್ನು ತಂದುಕೊಟ್ಟು ಊರಿನಿಂದ ನಾದವನ್ನು ಒಯ್ದಿತು.

ದುರ್ಗಗಳ ಗತಿ ಅಷ್ಟು ಶುಭಕರವಾಗಲಿಲ್ಲ. ಫ್ಯೂಸೆನ್ನಿನ ಪಶ್ಚಿಮಕ್ಕೆ ಐಸೆನ್‌ಬರ್ಗ್, ಹೋಹೆನ್‌ಫ್ರೈಬರ್ಗ್ ಎಂಬ ಎರಡು ಪಾಳುಕೋಟೆಗಳು ಅಕ್ಕಪಕ್ಕದ ದಿಬ್ಬಗಳ ಮೇಲೆ ನಿಂತಿವೆ. ಹೋಹೆನ್‌ಫ್ರೈಬರ್ಗ್ ಕಟ್ಟಲ್ಪಟ್ಟದ್ದು 1418ರಿಂದ 1432ರ ನಡುವೆ, ಎಂದರೆ ಗಿರಿದುರ್ಗಗಳ ಕಾಲವೇ ಮುಗಿಯುತ್ತ ಬಂದಿದ್ದಾಗ. ಮೂವತ್ತು ವರ್ಷಗಳ ಯುದ್ಧದ ಕೊನೆಯಲ್ಲಿ, 1646ರಲ್ಲಿ, ಶತ್ರುಸೈನ್ಯ ಬರುತ್ತಿದೆಯೆಂದೂ ಕೋಟೆಗಳು ಅವರ ಕೈವಶವಾಗಬಾರದೆಂದೂ ಟಿರೋಲಿನ ಆಡಳಿತದವರು ತಮ್ಮವೇ ಆದ ಈ ಕೋಟೆಗಳಿಗೆ ತಾವೇ ಬೆಂಕಿಯಿಡಿಸಿದರು. ಶತ್ರುಗಳಾದರೋ ಆ ದಿಕ್ಕಿಗೆ ಬರಲೇ ಇಲ್ಲ. ಹಿಮ ತುಂಬಿದ ಕಾಡಿನೊಳಗಿಂದ ಆ ದಿಬ್ಬವನ್ನು ಹತ್ತಿಹೋಗಿ, ಮಾಡಿಲ್ಲದ ಸಭಾಂಗಣದಲ್ಲಿ ಕಾಲೂರಿ ನಿಂತು, ಗವಾಕ್ಷದ ಅಂಚಿನಲ್ಲಿ ಒಂದಡಿ ದಪ್ಪನಾಗಿ ಕುಳಿತಿದ್ದ ಹಿಮವನ್ನು ನೋಡಿದಾಗ ನನಗೆ ಉಂಟಾದ ವಿಷಾದ, ಸುಸ್ಥಿತಿಯಲ್ಲಿರುವ ಯಾವ ಅರಮನೆಯ ಸೊಬಗೂ ಕೊಡಲಾರದಷ್ಟು ಆಳವಾದದ್ದು. ಈ ಸೀಮೆಗೆ ಹೋದವರು ಈ ಎರಡನ್ನು ಬಿಟ್ಟುಬರಬಾರದು.

ಹಂಸನಾಡಿನ ದುರ್ಗಗಳೂ ಒಡೆಯರ ವಂಶ ಹದಿನಾರನೆಯ ಶತಮಾನದಲ್ಲಿ ನಶಿಸಿದ ಮೇಲೆ ಪಾಳುಬೀಳುತ್ತ ಬಂದುವು. ಅವುಗಳಲ್ಲೊಂದಾದ ಶ್ವಾನ್‌ಸ್ಟೈನ್ ದುರ್ಗದ ಅವಶೇಷವನ್ನು 1832ರಲ್ಲಿ ಬವೇರಿಯದ ಯುವರಾಜ ಮ್ಯಾಕ್ಸಿಮಿಲಿಯನ್ ಕೊಂಡು, ಡೊಮೆನಿಕೊ ಕ್ವಾಲ್ಯೋ ಎಂಬ ರಂಗಚಿತ್ರಕಾರನ ಯೋಜನೆಯಂತೆ ಪುನರ್ನಿರ್ಮಾಣಕ್ಕೆ ಕೈಹಾಕಿದನು. ಹಳದಿ ಬಣ್ಣದ ಆ ಅರಮನೆಯೇ ಇಂದಿನ ಹೋಹೆನ್‌ಶ್ವಾನ್‌ಗೌ. ಅದರ ಭಿತ್ತಿಗಳ ಮೇಲೆ ಹಂಸವೀರ ಲೋಹೆನ್‌ಗ್ರಿನ್ನನ ಕಥೆ ಚಿತ್ರಿತವಾಯಿತು; ನಳದಮಯಂತಿಯರ ನಡುವೆ ಹಂಸವನ್ನು ದೂತನಾಗಿ ಬಲ್ಲ ನಮಗೆ, ವೀರನ ದೋಣಿಯನ್ನೆಳೆದು ತರುವ ಹಂಸ ಅಪರಿಚಿತವೆನಿಸುವುದಿಲ್ಲ. ಮ್ಯಾಕ್ಸಿಮಿಲಿಯನ್ನನ ಪತ್ನಿ, ಪ್ರಷ್ಯದ ರಾಜಕುಮಾರಿ ಮರೀ, ಬಯಲುನಾಡಿನಿಂದ ಬಂದವಳಾದರೂ ಬೆಟ್ಟಗಳಿಗೆ ಮನಸೋತು ಸುತ್ತಣ ಶಿಖರಗಳನ್ನು ಹತ್ತತೊಡಗಿದಳು. ಕೊರಕಲೊಂದರಲ್ಲಿ ಧುಮುಕುವ ಪೊಲ್ಲಾಟ್ ಹೊಳೆಯ ಮೇಲೆ, ಸುಮಾರು 90 ಮೀಟರು ಎತ್ತರದಲ್ಲಿ ತೂಗಿದಂತೆ ನಿಂತಿರುವ ಸೇತುವೆ ಇಂದಿಗೂ ಆಕೆಯ ಹೆಸರನ್ನೇ ಹೊತ್ತಿದೆ. ತಾಯಿಯಿಂದ ಬೆಟ್ಟದ ವ್ಯಾಮೋಹವನ್ನೂ ಗೋಡೆಗಳಿಂದ ಹಂಸದ ವ್ಯಾಮೋಹವನ್ನೂ ಪಡೆದು ಆ ಮನೆಯಲ್ಲಿ ಬೆಳೆದ ಬಾಲಕ ಲುಡ್ವಿಗ್.

ಅವನು 1845ರಲ್ಲಿ ಹುಟ್ಟಿದನು. 1864ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಸಿಂಹಾಸನವೇರಿದನು. ಎರಡು ವರ್ಷಗಳಲ್ಲಿಯೇ ಪ್ರಷ್ಯದೊಡನೆ ಯುದ್ಧದಲ್ಲಿ ಸೋತು, 1871ರಲ್ಲಿ ಜರ್ಮನ್ ಸಾಮ್ರಾಜ್ಯ ಸ್ಥಾಪಿತವಾದಾಗ ಹೆಸರಿಗೆ ಮಾತ್ರ ಅರಸನಾಗಿ ಉಳಿದ ಆ ಸೂಕ್ಷ್ಮಪ್ರಕೃತಿಯ ತರುಣನು, ರಾಜತ್ವವು ಲೋಕದಲ್ಲಿ ಇಲ್ಲವಾದರೆ ಕಲ್ಲಿನಲ್ಲಿಯಾದರೂ ಇರಲಿ ಎಂದು ಸಂಕಲ್ಪಿಸಿದಂತೆ ತೋರುತ್ತದೆ. ತಂದೆಯ ಅರಮನೆಯ ಎದುರಿನ ಬಂಡೆಯ ಮೇಲಿದ್ದ ಎರಡು ಪಾಳು ದುರ್ಗಗಳನ್ನು ಕೆಡವಿಸಿ, ಶಿಖರವನ್ನು ಸುಮಾರು 8 ಮೀಟರು ಸಿಡಿಸಿ ತಗ್ಗಿಸಿ, 1869ರ ಸೆಪ್ಟೆಂಬರ್ 5ರಂದು ಹೊಸ ಸೌಧಕ್ಕೆ ಅಸ್ತಿಭಾರವಿಡಿಸಿದನು. ಮೊದಲ ಕಲ್ಪನಾಚಿತ್ರಗಳನ್ನು ಬರೆದವನು ಕ್ರಿಸ್ಟಿಯನ್ ಯಾಂಕ್ ಎಂಬ ರಂಗಭೂಮಿಯ ಪರದೆಗಳ ಚಿತ್ರಕಾರ. ಅವನ್ನು ಕಟ್ಟಡವಾಗಿಸಿದವರು ಎಡ್ವರ್ಡ್ ರೀಡೆಲ್ ಮತ್ತು ಅವನ ತರುವಾಯದ ವಾಸ್ತುಶಿಲ್ಪಿಗಳು. ಹೆಸರುಗಳ ವಿಷಯದಲ್ಲಿ ಒಂದು ವಿಚಿತ್ರ ವ್ಯತ್ಯಾಸ ಇಲ್ಲಿ ನಡೆದುಹೋಗಿದೆ: ಹಳೆಯ ಶ್ವಾನ್‌ಸ್ಟೈನಿನ ಮೇಲೆ ನಿಂತದ್ದಕ್ಕೆ ಹೋಹೆನ್‌ಶ್ವಾನ್‌ಗೌ ಎಂಬ ಹೆಸರು ಬಂದಿತು; ಹಳೆಯ ಹೋಹೆನ್‌ಶ್ವಾನ್‌ಗೌ ದುರ್ಗಗಳ ಮೇಲೆ ನಿಂತದ್ದಕ್ಕೆ, ಅದೂ ಅರಸನು ಸತ್ತ ಮೇಲೆ, ನೊಯ್‌ಶ್ವಾನ್‌ಸ್ಟೈನ್, ಎಂದರೆ ಹೊಸ ಹಂಸಶಿಲೆ, ಎಂಬ ಹೆಸರು ರೂಢವಾಯಿತು.

ಸ್ವಪ್ನವೆಂದು ಕರೆಯುವುದು ಸುಲಭ. ಆ ಸ್ವಪ್ನವನ್ನು ಹೊತ್ತು ಮೇಲಕ್ಕೇರಿಸಿದವರ ಬೆನ್ನನ್ನೂ ನೋಡಬೇಕು. 1879-80ರ ಒಂದೇ ಅವಧಿಯಲ್ಲಿ 465 ಟನ್ನು ಸಾಲ್ಜ್‌ಬರ್ಗಿನ ಅಮೃತಶಿಲೆ, 1,550 ಟನ್ನು ಮರಳುಗಲ್ಲು, 4 ಲಕ್ಷ ಇಟ್ಟಿಗೆ, ಸಾರುವೆಗಳಿಗಾಗಿಯೇ 2,050 ಘನಮೀಟರು ಮರ ಆ ಬಂಡೆಯ ತುದಿಗೆ ಏರಿತು. ಉಗಿಯಿಂದ ನಡೆಯುವ ಕ್ರೇನು ಇದ್ದಿತಾದರೂ ಕೈಗಳೇನೂ ಕಡಿಮೆ ಬೇಕಾಗಲಿಲ್ಲ. ಕೆಲಸಗಾರರು 1870ರಲ್ಲಿ ತಮ್ಮದೊಂದು ಸಂಘ ಮಾಡಿಕೊಂಡು ತಿಂಗಳಿಗಿಷ್ಟೆಂದು ವಂತಿಗೆ ಹಾಕುತ್ತಿದ್ದರು; ಅರಸನೂ ಅದಕ್ಕೆ ಹಣ ಸೇರಿಸುತ್ತಿದ್ದನು; ರೋಗಿಗಳಿಗೂ ಗಾಯಗೊಂಡವರಿಗೂ ಅದರಿಂದ ಜೀವನಾಂಶ ದೊರೆಯುತ್ತಿದ್ದಿತು. ಕೆಲಸದಲ್ಲಿ ಪ್ರಾಣ ಕಳೆದುಕೊಂಡವರೆಂದು ದಾಖಲೆಯಾದವರು 30 ಮಂದಿ. ಅವರ ಕುಟುಂಬಗಳಿಗೆ ಒಂದು ಸಣ್ಣ ವೇತನ. ಮಧ್ಯಯುಗದ ವೇಷ ತೊಟ್ಟ ಆ ಸೌಧದೊಳಗೆ ಪ್ರತಿ ಅಂತಸ್ತಿಗೂ ಹರಿಯುವ ನೀರು, ಬಿಸಿಗಾಳಿಯ ವ್ಯವಸ್ಥೆ, ವಿದ್ಯುತ್ ಕರೆಗಂಟೆ, ದೂರವಾಣಿ ಎಲ್ಲವೂ ಇದ್ದುವು. ಇಲ್ಲದಿದ್ದುದು ಸಿಂಹಾಸನ ಮಂದಿರದಲ್ಲಿ ಸಿಂಹಾಸನ. ಗಾಯಕರ ಸಭಾಂಗಣದಲ್ಲಿ ಅರಸನ ಜೀವಿತಕಾಲದಲ್ಲಿ ಒಂದು ಗೋಷ್ಠಿಯೂ ನಡೆಯಲಿಲ್ಲ. ಯಾರ ಸಂಗೀತದ ಸ್ಫೂರ್ತಿಯಿಂದ ಅದೆಲ್ಲ ಎದ್ದಿತೋ ಆ ವಾಗ್ನರ್ 1883ರಲ್ಲಿ ತೀರಿಕೊಂಡನು, ಅದನ್ನು ನೋಡಲೇ ಇಲ್ಲ.

ಅಸ್ತಿಭಾರವಿಟ್ಟ ಆ 1869ನೆಯ ವರ್ಷವನ್ನೇ ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅದೇ ವರ್ಷದ ಮೇ ತಿಂಗಳಲ್ಲಿ ಮ್ಯೂನಿಕ್ ನಗರದಲ್ಲಿ ಜರ್ಮನ್ ಆಲ್ಪೈನ್ ಸಂಘ ಜನ್ಮತಾಳಿತು. ಬೆಟ್ಟಗಳಲ್ಲಿ ಕಾಲುದಾರಿಗಳನ್ನು ಮಾಡಿಸುವುದು, ಗುರುತುಗಳನ್ನು ಹಾಕಿಸುವುದು, ನಡೆಯುವವರಿಗೆ ತಂಗುಮನೆಗಳನ್ನು ಕಟ್ಟಿಸುವುದು ಅದರ ಕೆಲಸವಾಯಿತು. ಜನರ ಕಣ್ಣಿಗೆ ಬೀಳದ ಶಿಖರವೊಂದನ್ನು ಅರಸನು ಅರಸುತ್ತಿದ್ದ ಕಾಲದಲ್ಲಿಯೇ, ಶಿಖರಗಳನ್ನೆಲ್ಲ ಜನರಿಗೆ ತೆರೆದಿಡಲು ಅದೇ ರಾಜಧಾನಿಯಲ್ಲಿ ಮತ್ತೊಂದು ಪ್ರಯತ್ನ ಮೊದಲಾಗಿದ್ದಿತು.

ಹಗಲನ್ನು ತೊರೆದು ಇರುಳಿನಲ್ಲಿ ಎಚ್ಚರವಿರುವುದು ಲುಡ್ವಿಗ್ಗನಿಗೆ ಅಭ್ಯಾಸವಾಯಿತು. ಚಳಿಗಾಲದ ಮಧ್ಯರಾತ್ರಿಗಳಲ್ಲಿ ಹೊನ್ನಿನ ಲೇಪದ ಜಾರುಬಂಡಿಯೇರಿ, ಶ್ವೇತಾಶ್ವಗಳನ್ನು ಹೂಡಿಸಿ, ಶ್ಯುಟ್ಸೆನ್‌ಸ್ಟೈಗ್ ಎಂಬ ಮಲೆದಾರಿಯಿಂದ ಲಿಂಡರ್‌ಹೋಫ್ ಎಂಬ ತನ್ನ ಮತ್ತೊಂದು ಅರಮನೆಗೆ ಅವನು ಹೋಗುತ್ತಿದ್ದುದನ್ನು ವೇನಿಗ್ ಎಂಬ ಚಿತ್ರಕಾರ ಸುಮಾರು 1880ರಲ್ಲಿ ಚಿತ್ರಿಸಿದ್ದಾನೆ. ಬಂಡಿಯ ಮುಂದಣ ಕಿರೀಟದಲ್ಲಿ ವಿದ್ಯುದ್ದೀಪ ಬೆಳಗುತ್ತಿರುತ್ತದೆ. ಆ ಕಾಲದ ಬಂಡಿಗಳು ನಿಂಫೆನ್‌ಬರ್ಗಿನ ಸಂಗ್ರಹಾಲಯದಲ್ಲಿ ಈಗಲೂ ಇವೆ. ಎಣ್ಣೆದೀಪದ ಬೆಳಕಿನಲ್ಲಿ ಮಲಗಿದ್ದ ರೈತರ ಮನೆಗಳ ಮುಂದೆ ಆ ದೀಪ ಹಾದುಹೋಗುವುದನ್ನು ಕಂಡವರು ಏನೆಂದುಕೊಂಡಿರಬಹುದು! ಅವರೇ ಹುಲ್ಲು ಎಳೆಯುತ್ತಿದ್ದಂಥ ಜಾಡುಗಳಲ್ಲಿ ಅರಸನ ಏಕಾಂತವೂ ಜಾರುತ್ತ ಹೋಯಿತು.

ನೊಯ್‌ಶ್ವಾನ್‌ಸ್ಟೈನಿನಲ್ಲಿ ಅವನು ಕಳೆದದ್ದು ಒಟ್ಟು 172 ದಿನಗಳು. ಸಾಲ ಮಿತಿಮೀರಿತು, ಮಂತ್ರಿಗಳು ಅವನನ್ನು ಬುದ್ಧಿವಿಕಲನೆಂದು ಸಾರಿದರು, 1886ರ ಜೂನ್ 12ರಂದು ಅಲ್ಲಿಂದ ಅವನನ್ನು ಕರೆದೊಯ್ದರು. ಮರುದಿನ ಸಂಜೆ ಸ್ಟಾರ್ನ್‌ಬರ್ಗ್ ಸರೋವರದಲ್ಲಿ ಅವನೂ, ಅವನೊಡನಿದ್ದ ವೈದ್ಯ ಗುಡೆನ್ನನೂ ಹೆಣಗಳಾಗಿ ದೊರೆತರು. ಏನಾಯಿತೆಂಬುದರ ಕುರಿತು ಅಂದಿನಿಂದ ಇಂದಿನವರೆಗೆ ವಾದಗಳು ನಡೆದೇ ಇವೆ. ನಾಲ್ವತ್ತು ವರ್ಷದ ಆ ಮನುಷ್ಯನ ದುಃಖವನ್ನು ಅವು ಯಾವುವೂ ಹಗುರಮಾಡಲಾರವು. ಏಳು ವಾರಗಳೊಳಗೆ, ಆಗಸ್ಟ್ 1ರಂದು, ಅಪರಿಚಿತರು ಕಾಲಿಡಬಾರದೆಂದು ಅವನು ಕಟ್ಟಿಸಿದ ಮನೆಯ ಬಾಗಿಲನ್ನು ಹಣ ಕೊಟ್ಟವರಿಗೆಲ್ಲ ತೆರೆಯಲಾಯಿತು. ಕಟ್ಟಡದ ಸಾಲ 1899ರ ವೇಳೆಗೆ ತೀರಿತು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಫ್ರಾನ್ಸಿನಿಂದ ದೋಚಿದ ಕಲಾಕೃತಿಗಳನ್ನು ಈ ಸೌಧದಲ್ಲಿ ಅಡಗಿಸಿಟ್ಟಿದ್ದರು. 1945ರಲ್ಲಿ ಅಮೆರಿಕದ ಸೈನಿಕರು ಅವನ್ನು ಪತ್ತೆಹಚ್ಚಿದರು. 2025ರಲ್ಲಿ ಲುಡ್ವಿಗ್ಗನ ಅರಮನೆಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು.

ಹಿಮಕಾಲದಲ್ಲಿ ಮೇಲೇರುವ ದಾರಿಯಲ್ಲಿ ಕುದುರೆಗಾಡಿಗಳ ಗೊರಸಿನ ಸದ್ದೂ ಹಿಮದಲ್ಲಿ ಇಂಗಿಹೋಗುತ್ತದೆ. ಜಾರದಿರಲೆಂದು ಸಣ್ಣ ಜಲ್ಲಿಯನ್ನು ಚೆಲ್ಲಿರುತ್ತಾರೆ. ನೀರ್ಗಲ್ಲು ಕಟ್ಟಿದಾಗ ಮರೀ ರಾಣಿಯ ಸೇತುವೆಯನ್ನು ಮುಚ್ಚಿಬಿಡುತ್ತಾರಾದುದರಿಂದ, ನಾನು ಆ ಪ್ರಸಿದ್ಧ ನೋಟವನ್ನು ಕಾಣದೆ, ಆಲ್ಪ್ ಸರೋವರದ ಅಂಚಿನ ಕಾಡುಹಾದಿಯಲ್ಲಿ ಒಬ್ಬನೇ ನಡೆದೆನು. ಕೊಂಬೆಯಿಂದ ಕೊಂಬೆಗೆ ಹಿಮ ಕಳಚಿಬೀಳುವ ಮೆತ್ತನೆಯ ಸಪ್ಪಳವೊಂದೇ. ತಿರುವಿನಲ್ಲಿ ಹಿಂದಿರುಗಿ ನೋಡಿದಾಗ ಹಳದಿಯ ಅರಮನೆಯೂ ಬಿಳಿಯ ಸೌಧವೂ ಒಂದೇ ಚೌಕಟ್ಟಿನಲ್ಲಿ ಕಂಡುವು: ತಂದೆಯದು ಕೆಳಗೆ, ಮಗನದು ಮೇಲೆ, ನಡುವೆ ಹಿಮ ಹೊದ್ದ ಕಣಿವೆ.

ಮರಳುವ ಮುನ್ನ ಊರಿನ ಉತ್ತರಕ್ಕಿರುವ ಫೋರ್ಗೆನ್ ಸರೋವರದ ದಡಕ್ಕೆ ಹೋದೆನು. ಅದು ನಿಸರ್ಗದತ್ತವಾದುದಲ್ಲ, ಲೆಖ್ ನದಿಗೆ ಅಡ್ಡಲಾಗಿ 1954ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದಾದ ಜಲಾಶಯ. ಫೋರ್ಗೆನ್ ಎಂಬ ಹಳ್ಳಿ ಮುಳುಗಿ, ತನ್ನ ಹೆಸರನ್ನು ಮಾತ್ರ ನೀರಿಗೆ ಬಿಟ್ಟುಹೋಗಿದೆ. ವಸಂತದಲ್ಲಿ ಬೆಟ್ಟದ ಹಿಮ ಕರಗಿ ಬರುವ ಪ್ರವಾಹಕ್ಕೆ ಎಡೆಮಾಡಿಕೊಡಲೆಂದು ಪ್ರತಿ ಶರತ್ಕಾಲದ ಕೊನೆಗೆ ನೀರನ್ನು ಹೊರಬಿಡುತ್ತಾರೆ; ಬೇಸಗೆಯಲ್ಲಿ ದೋಣಿಗಳೋಡಾಡುವ ಜಾಗ ಚಳಿಗಾಲದಲ್ಲಿ ಬೂದುಬಣ್ಣದ ಬಯಲಾಗುತ್ತದೆ. ಆ ಬಯಲಿನ ನಡುವೆ, ಸುತ್ತಣ ಕೆಸರಿಗಿಂತ ಕೊಂಚ ಉಬ್ಬಿ, ನೂಲು ಹಿಡಿದಂತೆ ನೇರವಾದ ಒಂದು ಜಲ್ಲಿಯ ಗೆರೆ ಕಾಣುತ್ತಿದ್ದಿತು. ವಿಯಾ ಕ್ಲಾಡಿಯ ಆಗಸ್ಟ. ಹಿಂದಿನ ರಾತ್ರಿ ತೆಳ್ಳಗೆ ಬಿದ್ದಿದ್ದ ಹಿಮ ತಗ್ಗುಗಳಲ್ಲಿ ಕರಗಿಹೋಗಿ ಆ ಉಬ್ಬಿನ ಮೇಲೆ ಮಾತ್ರ ಉಳಿದಿದ್ದಿತು. ಅದರ ಮೇಲೆ ಯಾರದೋ ಹೆಜ್ಜೆಗಳ ಸಾಲೊಂದು ಬೆಟ್ಟದ ಬಾಗಿಲಿನ ಕಡೆಗೆ, ದಕ್ಷಿಣಾಭಿಮುಖವಾಗಿ, ಹೋಗಿದ್ದಿತು.